ನೀರು ನಿಂತ ಮಣ್ಣಿನ ಉಸಿರು

ನಾಟಿಯಾದ ಗದ್ದೆಯಲ್ಲಿ ಕಳೆ ಕೀಳಲು ಇಳಿದವರೆಲ್ಲ ಒಂದು ಸಂಗತಿಯನ್ನು ಕಂಡಿರುತ್ತಾರೆ. ಕಾಲಿಟ್ಟ ಕಡೆ ಕೆಸರಿನಿಂದ ಬುಳುಬುಳನೆ ಗುಳ್ಳೆಗಳು ಏಳುತ್ತವೆ. ಹೂಳು ತುಂಬಿದ ಕೆರೆಯಲ್ಲಿ ಕೋಲು ಆಡಿಸಿದರೂ ಹೀಗೆಯೇ ಆಗುತ್ತದೆ. 1776ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟ ಒಂದು ಸರೋವರದ ಅಂಚಿನ ಜೌಗಿನಲ್ಲಿ ಇಂಥ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಆ ಅನಿಲ ಹೊತ್ತಿ ಉರಿಯುವುದನ್ನು ತೋರಿಸಿದನು. ಅದೇ ಮೀಥೇನ್. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಇದೇ ಅನಿಲ.

ಒಲೆಯಲ್ಲಿ ಉರಿದರೆ ಉಪಯೋಗಕ್ಕೆ ಬರುವ ಈ ಅನಿಲ ಹಾಗೆಯೇ ಗಾಳಿಗೆ ಸೇರಿದರೆ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೊ ಮೀಥೇನ್ ಸುಮಾರು 27 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಇದು ಗದ್ದೆಯಲ್ಲಿ ಏಕೆ ಹುಟ್ಟುತ್ತದೆಂದು ತಿಳಿದುಕೊಂಡರೆ, ಇದನ್ನು ತಗ್ಗಿಸುವುದರ ಜೊತೆಗೆ ನೀರನ್ನೂ ಉಳಿಸಬಹುದು.

ನೀರಿನಡಿಯ ಮಣ್ಣಿನಲ್ಲಿ ಆಗುವುದೇನು?

ಒಣ ಹೊಲದ ಮಣ್ಣಿನ ಸಂದುಗಳಲ್ಲಿ ಗಾಳಿ ಓಡಾಡುತ್ತಿರುತ್ತದೆ. ಗದ್ದೆಗೆ ನೀರು ಕಟ್ಟಿದಾಗ ಈ ಸಂದುಗಳು ಮುಚ್ಚುತ್ತವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಹೀಗಾಗಿ ಮಣ್ಣಿನಲ್ಲಿ ಉಳಿದಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಹು ಬೇಗ ಉಸಿರಾಡಿ ಮುಗಿಸುತ್ತವೆ.

ಮುಂದೆ ನಡೆಯುವ ಕ್ರಿಯೆಗಳನ್ನು ಕ್ರಮವಾಗಿ ವಿವರಿಸಿದವರಲ್ಲಿ ಶ್ರೀಲಂಕಾದ ಮಣ್ಣು ವಿಜ್ಞಾನಿ ಎಫ್. ಎನ್. ಪೊನ್ನಂಪೆರುಮ ಪ್ರಮುಖರು. ಅವರು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಮುಳುಗಿದ ಮಣ್ಣುಗಳ ರಸಾಯನ ಕ್ರಿಯೆಯನ್ನು ಕುರಿತು 1972ರಲ್ಲಿ ಅವರು ಬರೆದ ಪ್ರಬಂಧ ಇಂದಿಗೂ ಆಧಾರವಾಗಿದೆ.

ಮನೆಯಲ್ಲಿ ಅಕ್ಕಿ ಮುಗಿದರೆ ರಾಗಿ, ರಾಗಿ ಮುಗಿದರೆ ನವಣೆ ಎಂದು ಕಷ್ಟಕಾಲದಲ್ಲಿ ದಿನ ದೂಡುವಂತೆ, ಸೂಕ್ಷ್ಮಜೀವಿಗಳೂ ಆಮ್ಲಜನಕ ಮುಗಿದ ಮೇಲೆ ಒಂದೊಂದಾಗಿ ಬೇರೆ ಪದಾರ್ಥಗಳನ್ನು ಬಳಸುತ್ತವೆ. ಮೊದಲು ನೈಟ್ರೇಟ್, ಬಳಿಕ ಮ್ಯಾಂಗನೀಸ್, ಅನಂತರ ಕಬ್ಬಿಣ, ಆಮೇಲೆ ಗಂಧಕದ ಸಲ್ಫೇಟ್. ಇವೆಲ್ಲ ತೀರಿದ ಮೇಲೆ ಕೊನೆಯಲ್ಲಿ ಮೀಥೇನ್ ಉತ್ಪಾದಿಸುವ ಜೀವಿಗಳ ಸರದಿ. ಕೊಳೆಯುವ ಹುಲ್ಲು, ಕೂಳೆ, ಬೇರುಗಳೇ ಇವುಗಳ ಕಚ್ಚಾವಸ್ತು. ಗುಳ್ಳೆಯಾಗಿ ನಮಗೆ ಕಾಣುವುದು ಸ್ವಲ್ಪ ಭಾಗ ಮಾತ್ರ. ಬಹುಪಾಲು ಮೀಥೇನ್ ಭತ್ತದ ಪೈರಿನ ಬೇರು ಮತ್ತು ಕಾಂಡದೊಳಗಿನ ಗಾಳಿ ಕೊಳವೆಗಳ ಮೂಲಕವೇ ಹೊರಬೀಳುತ್ತದೆ.

ನೀರು ನಿಲ್ಲುವುದರಿಂದ ಭತ್ತಕ್ಕೆ ಅನುಕೂಲಗಳೂ ಇವೆ. ಕಳೆ ಕಡಿಮೆಯಾಗುತ್ತದೆ. ಹುಳಿ ಮಣ್ಣಿನ ಹುಳಿ ತಗ್ಗುತ್ತದೆ. ರಂಜಕ ಪೈರಿಗೆ ಹೆಚ್ಚಾಗಿ ದೊರೆಯುತ್ತದೆ. ಆದರೆ ಕರಾವಳಿ ಮತ್ತು ಮಲೆನಾಡಿನ ಕೆಲವು ಹುಳಿ ಮಣ್ಣುಗಳಲ್ಲಿ ಕಬ್ಬಿಣ ಅತಿಯಾಗಿ ಕರಗಿ ಎಲೆಗಳು ಕಂದು ಬಣ್ಣಕ್ಕೆ ತಿರುಗುವುದಕ್ಕೂ ನಿಂತ ನೀರೇ ಕಾರಣ.

ಮಣ್ಣೇ ಬರೆದಿಟ್ಟ ದಾಖಲೆ

ಗದ್ದೆಯ ಮೂಲೆಯಲ್ಲಿ ಎರಡಡಿ ಆಳದ ಗುಂಡಿ ತೋಡಿ ಅದರ ಬದಿಯನ್ನು ನೋಡಿರಿ. ಬೂದು ಅಥವಾ ನೀಲಿ ಛಾಯೆಯ ಮಣ್ಣಿದ್ದರೆ ಅಲ್ಲಿ ಬಹುಕಾಲ ನೀರು ನಿಂತಿದೆ ಎಂದು ತಿಳಿಯಬೇಕು. ಬೂದು ಬಣ್ಣದ ನಡುವೆ, ಬೇರಿನ ಹಾದಿಯಲ್ಲಿ ತುಕ್ಕಿನಂಥ ಕೆಂಪು ಗೆರೆ ಮತ್ತು ಚುಕ್ಕೆಗಳಿದ್ದರೆ ಅಲ್ಲಿ ನೀರು ಏರಿಳಿಯುತ್ತದೆ ಎಂದರ್ಥ. ಬೇಸಿಗೆಯಲ್ಲಿ ನೀರಿನ ಗುರುತೇ ಇಲ್ಲದಿದ್ದರೂ ಮಣ್ಣಿನ ಬಣ್ಣ ಆ ನೆಲದ ಸ್ವಭಾವವನ್ನು ಹೇಳಿಬಿಡುತ್ತದೆ.

ಇನ್ನೂ ಹಳೆಯ ದಾಖಲೆ ಜೌಗು ನೆಲದ ಪೀಟ್ ಮಣ್ಣಿನಲ್ಲಿದೆ. ಗಾಳಿಯಾಡದ ಕಾರಣ ಅಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಉಳಿಯುತ್ತವೆ. ನೀಲಗಿರಿ ಬೆಟ್ಟಗಳ ಪೀಟ್ ಮಣ್ಣನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಗಿಡಗಳು ಮತ್ತು ಭತ್ತ ಒಂದು ಬಗೆಯಲ್ಲಿ ಇಂಗಾಲವನ್ನು ಹೀರಿದರೆ, ಒಣಹವೆಯ ಹುಲ್ಲುಗಳು, ಜೋಳ, ರಾಗಿ ಇನ್ನೊಂದು ಬಗೆಯಲ್ಲಿ ಹೀರುತ್ತವೆ. ಈ ವ್ಯತ್ಯಾಸದ ಗುರುತು ಸಾವಿರಾರು ವರ್ಷ ಅಳಿಯದೆ ಪೀಟಿನ ಇಂಗಾಲದಲ್ಲಿ ಉಳಿಯುತ್ತದೆ. ಹೀಗೆ ನೋಡಿದಾಗ, ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತೀವ್ರವಾಗಿದ್ದಾಗ ಅಲ್ಲಿ ಒಣಹವೆಯ ಹುಲ್ಲು ಹೆಚ್ಚಾಗಿತ್ತೆಂದೂ, ಮುಂದೆ ಮುಂಗಾರು ಬಲಗೊಂಡಾಗ ತೇವ ಬಯಸುವ ಸಸ್ಯಗಳು ಹರಡಿದವೆಂದೂ ಕಂಡುಬಂದಿತು.

ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಯೂ ಇದಕ್ಕೆ ಹೊಂದುತ್ತದೆ. ಹಿಮಯುಗದಲ್ಲಿ ಉಷ್ಣವಲಯ ಒಣಗಿ, ಉತ್ತರದ ನೆಲ ಹೆಪ್ಪುಗಟ್ಟಿ ಜೌಗುಗಳು ಕುಗ್ಗಿದ್ದಾಗ ನೂರು ಕೋಟಿ ಅಣುಗಳಷ್ಟು ಗಾಳಿಯಲ್ಲಿ ಮೀಥೇನ್ ಅಣುಗಳು 400ಕ್ಕೂ ಕಡಿಮೆ ಇದ್ದವು. ಯಂತ್ರೋದ್ಯಮ ಬೆಳೆಯುವ ಮುನ್ನ ಇದು ಸುಮಾರು 700 ಇತ್ತು. ಇಂದು 1,900ನ್ನು ದಾಟಿದೆ. ಹಿಂದಿನ ಏರಿಕೆ ಮುಖ್ಯವಾಗಿ ನಿಸರ್ಗದ ಜೌಗುಗಳಿಂದ ಆದದ್ದು. ಇತ್ತೀಚಿನ ಏರಿಕೆಗೆ ಕಲ್ಲಿದ್ದಲು ಮತ್ತು ತೈಲದ ಗಣಿ, ಜಾನುವಾರು, ಕಸದ ರಾಶಿ, ಭತ್ತದ ಗದ್ದೆ ಇವೆಲ್ಲ ಕಾರಣ.

ನಮ್ಮ ಗದ್ದೆಗಳ ಲೆಕ್ಕ

ಈ ವಿಷಯದಲ್ಲಿ ಭಾರತದ ರೈತರ ಮೇಲೆ ಒಮ್ಮೆ ಹೆಚ್ಚಿನ ಹೊರೆ ಹೊರಿಸಲಾಗಿತ್ತು. ನಮ್ಮ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 380 ಲಕ್ಷ ಟನ್ ಮೀಥೇನ್ ಹೊರಬೀಳುತ್ತದೆಂದು ಅಮೆರಿಕದಲ್ಲಿ ಅಂದಾಜು ಮಾಡಿದ್ದರು. 1991ರಲ್ಲಿ ಎ. ಪಿ. ಮಿತ್ರ ಅವರ ಮುಂದಾಳುತನದಲ್ಲಿ ನಮ್ಮ ವಿಜ್ಞಾನಿಗಳು ದೇಶದ ಹಲವು ಕಡೆ ಗದ್ದೆಗಿಳಿದು ಅಳತೆ ಮಾಡಿದಾಗ ಸುಮಾರು 40 ಲಕ್ಷ ಟನ್ ಎಂದು ಗೊತ್ತಾಯಿತು. ನಮ್ಮಲ್ಲಿ ಅನೇಕ ಗದ್ದೆಗಳು ಬೆಳೆಯ ನಡುವೆ ಒಣಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಅಂದರೆ ಗದ್ದೆ ನಡುನಡುವೆ ಆರಿದರೆ ಮೀಥೇನ್ ತಗ್ಗುತ್ತದೆ ಎಂಬುದು ಈ ಅಳತೆಯಿಂದಲೂ ಸ್ಪಷ್ಟವಾಯಿತು.

ರೈತರು ಏನು ಮಾಡಬಹುದು?

ಗದ್ದೆಗೆ ಸದಾ ನೀರು ನಿಲ್ಲಿಸುವ ಬದಲು ನಡುನಡುವೆ ಆರಲು ಬಿಡುವ ಪದ್ಧತಿಯಿಂದ ನೀರಿನಲ್ಲಿ ಶೇಕಡ 30ರವರೆಗೆ ಉಳಿತಾಯವಾಗುತ್ತದೆ. ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕ್ರಮವಾಗಿ ಮಾಡಿದರೆ ಇಳುವರಿ ಕುಗ್ಗುವುದಿಲ್ಲ. ಅನುಸರಿಸಬೇಕಾದ ಕ್ರಮ ಹೀಗಿದೆ:

1. 30 ಸೆಂ.ಮೀ. ಉದ್ದದ, 10ರಿಂದ 15 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಕೊಳವೆಯ ಕೆಳಗಿನ 20 ಸೆಂ.ಮೀ. ಭಾಗಕ್ಕೆ ಸುತ್ತಲೂ ತೂತು ಕೊರೆಯಿರಿ. ಆ ಭಾಗವನ್ನು ಬದುವಿನ ಹತ್ತಿರ, ಸಮನಾದ ಜಾಗದಲ್ಲಿ ಮಣ್ಣಿಗೆ ಇಳಿಸಿ, ಒಳಗಿನ ಮಣ್ಣನ್ನು ತೆಗೆಯಿರಿ.

2. ನಾಟಿಯಾದ ಎರಡು ವಾರ ಕಳೆ ಏಳದಂತೆ ನೀರು ನಿಲ್ಲಿಸಿರಿ. ಕಳೆ ಹೆಚ್ಚಾಗಿದ್ದರೆ ಇನ್ನೂ ಒಂದು ವಾರ ಮುಂದುವರಿಸಿರಿ.

3. ಆಮೇಲೆ ನೀರು ತಾನಾಗಿ ಇಂಗಲಿ. ಕೊಳವೆಯೊಳಗೆ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ಹಾಯಿಸಿರಿ. ಅದಕ್ಕಿಂತ ಹೆಚ್ಚು ಒಣಗಿಸಬಾರದು.

4. ಹೂ ಬಿಡುವ ಒಂದು ವಾರ ಮೊದಲಿನಿಂದ ಹೂ ಮುಗಿದ ಒಂದು ವಾರದವರೆಗೆ ಗದ್ದೆಯಲ್ಲಿ ನೀರು ಇರಲೇಬೇಕು. ಆಗ ಒಣಗಿದರೆ ಕಾಳು ಜೊಳ್ಳಾಗುತ್ತದೆ.

5. ಮೇಲುಗೊಬ್ಬರವಾಗಿ ಕೊಡುವ ಯೂರಿಯವನ್ನು ನೀರು ಹಾಯಿಸುವ ಸ್ವಲ್ಪ ಮುಂಚೆ ಹಾಕಿರಿ. ಗದ್ದೆ ಆರುವಾಗ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುವ ಸಂಭವವಿದೆ. ಅದು ಮೀಥೇನಿಗಿಂತಲೂ ಬಲವಾದ ಅನಿಲ. ಆದ್ದರಿಂದ ಶಿಫಾರಸಿಗಿಂತ ಹೆಚ್ಚು ಹಾಕಬೇಡಿ.

6. ಹಸಿ ಹುಲ್ಲು ಮತ್ತು ಕೂಳೆಯನ್ನು ನೀರು ಕಟ್ಟುವ ಮುನ್ನಾದಿನಗಳಲ್ಲಿ ಮಣ್ಣಿಗೆ ಸೇರಿಸಬೇಡಿ. ಒಂದು ತಿಂಗಳಿಗಿಂತ ಮುಂಚೆಯೇ ಒಣ ಉಳುಮೆಯಲ್ಲಿ ಸೇರಿಸಿರಿ, ಇಲ್ಲವೇ ಕಾಂಪೋಸ್ಟ್ ಮಾಡಿ ಹಾಕಿರಿ. ಸುಡುವುದಂತೂ ಬೇಡ.

ನೀರು ಬೇಕಾದಾಗ ಕೈಗೆ ಸಿಗುವ ಕಡೆ ಮಾತ್ರ ಈ ಪದ್ಧತಿ ಸರಿ. ನಾಲೆಯ ನೀರಿನ ಸರದಿ ನಿಶ್ಚಿತವಿಲ್ಲದಿದ್ದರೆ, ಮಣ್ಣು ಚೌಳಾಗಿದ್ದರೆ, ಅಥವಾ ಬಿಡದೆ ಮಳೆ ಸುರಿಯುವ ಮಲೆನಾಡಿನ ಮುಂಗಾರು ಬೆಳೆಗೆ ಇದು ಹೊಂದುವುದಿಲ್ಲ.

ಜೌಗನ್ನು ಹಾಗೆಯೇ ಬಿಡಿ

ಗದ್ದೆ ಆರಿದರೆ ಒಳ್ಳೆಯದೆಂದ ಮೇಲೆ ಜೌಗನ್ನೂ ಒಣಗಿಸಬಹುದೇ ಎಂದು ಕೇಳಬಹುದು. ಖಂಡಿತ ಬೇಡ. ಜೌಗು ಮೀಥೇನ್ ಬಿಡುತ್ತದೆ, ನಿಜ. ಆದರೆ ಅದರ ಮಣ್ಣು ಸಾವಿರಾರು ವರ್ಷಗಳ ಇಂಗಾಲವನ್ನು ಹಿಡಿದಿಟ್ಟಿದೆ. ಕಾಲುವೆ ತೋಡಿ ನೀರು ಬಸಿದರೆ ಒಳಗೆ ಗಾಳಿ ಹೊಕ್ಕು ಅದೆಲ್ಲ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 1851ರಲ್ಲಿ ಪೀಟ್ ನೆಲಕ್ಕೆ ತುದಿಯವರೆಗೂ ಹೂತ ಕಬ್ಬಿಣದ ಕಂಬ, ನೀರು ಬಸಿದ ಮೇಲೆ ಈಗ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಕಂಬ ಏರಲಿಲ್ಲ, ನೆಲ ಇಳಿಯಿತು. ಹಾಗೆ ಹೋದ ಮಣ್ಣು ಮನುಷ್ಯರ ಕಾಲಮಾನದಲ್ಲಿ ಮರಳಿ ಬಾರದು.

ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು ಹನ್ನೆರಡು ವರ್ಷ. ಆದ್ದರಿಂದ ಇಂದು ತಗ್ಗಿಸಿದ್ದರ ಫಲವನ್ನು ನಾವೇ ಕಾಣಬಹುದು. ಮುಂದಿನ ಬೇಸಿಗೆ ಭತ್ತದಲ್ಲಿ ಒಂದು ಮಡಿಗೆ ಮಾತ್ರ ಕೊಳವೆ ಹಾಕಿ, ಪಕ್ಕದ ಮಡಿಯೊಂದಿಗೆ ನೀರನ್ನೂ ಇಳುವರಿಯನ್ನೂ ಹೋಲಿಸಿ ನೋಡಿರಿ. ನಿಮ್ಮ ಮಣ್ಣಿಗೆ ಒಗ್ಗುತ್ತದೆಂದು ಮನದಟ್ಟಾದ ಮೇಲೆ ಉಳಿದ ಗದ್ದೆಗೆ ವಿಸ್ತರಿಸಿರಿ.