ಪರಶುರಾಮಭಾವು: ಧಾರವಾಡದ ಗೆಲುವು, ಶೃಂಗೇರಿಯ ಕಳಂಕ

ಕಸಬೆ ಡಿಗ್ರಜ, ಸಾಂಗ್ಲಿ, ಮಿರಜ ಕಡೆಯವರಿಗೆ ಪಟವರ್ಧನರೆಂದರೆ ಗಣಪತಿ ಗುಡಿ ಕಟ್ಟಿಸಿದ ಮನೆತನ. ಆ ಮನೆತನದ ತಾಸಗಾಂವ ಶಾಖೆಯ ಪರಶುರಾಮಭಾವು ಮರಾಠಿ ಇತಿಹಾಸದಲ್ಲಿ ವೀರ. ಕನ್ನಡಿಗರ ನೆನಪಿನಲ್ಲಿ ಶೃಂಗೇರಿಯನ್ನು ಲೂಟಿ ಮಾಡಿದ ದಂಡಿನ ದಳಪತಿ. ವೀರನೆಂಬ ಹೆಸರಿಗೆ ಮುಖ್ಯ ಆಧಾರ, ಟಿಪ್ಪುವಿನ ಕೈಯಲ್ಲಿದ್ದ ಧಾರವಾಡ ಕೋಟೆಯನ್ನು 1791ರ ಏಪ್ರಿಲ್‌ನಲ್ಲಿ ಗೆದ್ದದ್ದು. ಆದರೆ ಮುತ್ತಿಗೆ ಆರು ತಿಂಗಳು ಎಳೆಯಿತು. ಅಲ್ಲಿದ್ದ ಇಂಗ್ಲಿಷ್ ಅಧಿಕಾರಿ ಎಡ್ವರ್ಡ್ ಮೂರ್ ಬರೆದಂತೆ, ಮರಾಠಾ ಗೋಲಂದಾಜರು ತೋಪಿಗೆ ಮದ್ದು ತುಂಬಿ, ಅರ್ಧ ಗಂಟೆ ಹರಟೆ ಹೊಡೆದು, ಹೊಗೆ ಸೇದಿ, ಆಮೇಲೆ ಒಂದು ಗುಂಡು ಹಾರಿಸುತ್ತಿದ್ದರು. ಪರಕೀಯನ ತಾತ್ಸಾರ ಅದರಲ್ಲಿ ಇಲ್ಲದಿಲ್ಲ. ಆದರೂ ಕೋಟೆ ಬಿದ್ದದ್ದು ತೋಪಿನ ಚಾತುರ್ಯಕ್ಕಿಂತ ಪಟ್ಟು ಬಿಡದ ದಿಗ್ಬಂಧನದಿಂದ ಎನ್ನಬೇಕಾಗುತ್ತದೆ.

ಅದೇ ವರ್ಷ ಶೃಂಗೇರಿ ಮಠ ಲೂಟಿಯಾಯಿತು. ಸ್ವಾಮಿಗಳು ಕಾರ್ಕಳಕ್ಕೆ ಹೋದರು. ಪುನಃಪ್ರತಿಷ್ಠೆಗೆ ನೆರವಾದವನು ಟಿಪ್ಪು. ಅವನ ಪತ್ರಗಳು 1916ರಲ್ಲಿ ಮಠದಲ್ಲೇ ಬೆಳಕಿಗೆ ಬಂದವು. ಲೂಟಿ ಮಾಡಿದವರು ಪಿಂಡಾರಿಗಳು, ಭಾವು ಆಜ್ಞೆ ಕೊಟ್ಟಿರಲಿಲ್ಲ, ಸ್ವತಃ ಬ್ರಾಹ್ಮಣನಾದವನು ಮಠ ಮುಟ್ಟಿಸುತ್ತಾನೆಯೇ ಎಂದು ಅಭಿಮಾನಿಗಳು ಕೇಳುತ್ತಾರೆ. ಆಜ್ಞೆ ಇರಲಿಲ್ಲವೆಂದೇ ಒಪ್ಪೋಣ. ಆದರೆ ಪಿಂಡಾರಿಗಳು ದಾರಿಹೋಕರಲ್ಲ. ಸಂಬಳದ ಬದಲು ಲೂಟಿಯನ್ನೇ ನಂಬಿ ದಂಡಿನ ಬೆನ್ನಿಗೆ ಬರುತ್ತಿದ್ದವರು. ಅವರಿಂದಾದ ಲಾಭ ಸೇನಾಪತಿಗೆ, ಪಾಪ ಮಾತ್ರ ಅವರಿಗೆ ಎಂಬ ಲೆಕ್ಕ ನಡೆಯದು. 1799ರಲ್ಲಿ ಪಟ್ಟಣಕುಡಿಯಲ್ಲಿ ಕೊಲ್ಹಾಪುರದವರೊಡನೆ ಕಾದಾಡುತ್ತಲೇ ಸತ್ತ ಭಾವುವಿನ ಶೌರ್ಯ ಪ್ರಶ್ನಾತೀತ. ಒಳ್ಳೆಯ ಸೇನಾಪತಿ ಎಂಬ ಬಿರುದು ಮಾತ್ರ ಅವನಿಗೆ ಸಲ್ಲದು.