ಬಲವೂ ಹದವೂ

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದುಂಡನೆಯ ಚೆಂಡನ್ನು ಕಾಲಿನಿಂದ ಒದೆಯುವ ಆಟ. ಅಮೆರಿಕ ಸಂಯುಕ್ತ ಸಂಸ್ಥಾನದ ಜನರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ನಡುವೆ ಉಬ್ಬಿ, ಎರಡು ತುದಿಗಳಲ್ಲಿಯೂ ಚೂಪಾಗಿರುತ್ತದೆ. ಅದರ ಉದ್ದ ಸುಮಾರು 11 ಅಂಗುಲ, ತೂಕ 400 ಗ್ರಾಮಿಗಿಂತ ತುಸು ಹೆಚ್ಚು. ಆ ಆಟದಲ್ಲಿ ಕಾಲಿಗಿಂತ ಕೈಗೇ ಹೆಚ್ಚಿನ ಕೆಲಸ.

ಪ್ರತಿಯೊಂದು ಪಕ್ಷದಲ್ಲಿ 11 ಮಂದಿ ಆಟಗಾರರು. ಒಂದು ಗಡಿಗೆರೆಯಿಂದ ಮತ್ತೊಂದು ಗಡಿಗೆರೆಗೆ 100 ಗಜಗಳ ಅಂತರ. ಚೆಂಡು ಪಡೆದ ಪಕ್ಷಕ್ಕೆ ನಾಲ್ಕು ಅವಕಾಶಗಳುಂಟು. ಅಷ್ಟರೊಳಗೆ ಅದು 10 ಗಜವಾದರೂ ಮುಂದುವರಿಯಬೇಕು. ಇಲ್ಲವಾದರೆ ಚೆಂಡು ಎದುರು ಪಕ್ಷದ ಪಾಲಾಗುತ್ತದೆ. ಎದುರಾಳಿಗಳ ಗಡಿಗೆರೆಯಾಚೆಗೆ ಚೆಂಡನ್ನು ಒಯ್ದರೆ 6 ಅಂಕಗಳು ದೊರೆಯುತ್ತವೆ. ಈ ಮುನ್ನಡೆಯನ್ನೆಲ್ಲ ನಡೆಸುವವನು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ. ಚೆಂಡು ಮೊದಲು ಬರುವುದು ಅವನ ಕೈಗೆ. ಅದನ್ನು ಅವನು ಬಳಿಯಲ್ಲಿರುವ ಓಟಗಾರನಿಗೆ ಕೊಡಬಹುದು. ಇಲ್ಲವೆ ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಎಸೆಯಬಹುದು. ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ, ಎರಡು ಮೂರು ಸೆಕೆಂಡುಗಳಲ್ಲಿ, ಅವನು ಇದನ್ನು ನಿರ್ಧರಿಸಬೇಕು.

ಚೆಂಡನ್ನು ಹೀಗೆ ಮುಂದಕ್ಕೆ ಎಸೆಯಲು ಮೊದಲು ಅನುಮತಿಯಿರಲಿಲ್ಲ. ಗುಂಪು ಗುಂಪಾಗಿ ನುಗ್ಗಿ, ಒಬ್ಬರನ್ನೊಬ್ಬರು ತಳ್ಳಿ ಮುಂದುವರಿಯುವುದೇ ಆಟದ ಕ್ರಮವಾಗಿತ್ತು. ಇದರಿಂದ ಅನೇಕ ತರುಣರು ಗಾಯಗೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸುಧಾರಿಸುವಂತೆ ಒತ್ತಾಯಪಡಿಸಿದರು. 1906ರಲ್ಲಿ ನಿಯಮಗಳು ಬದಲಾದವು. ಮುಂದಕ್ಕೆ ಎಸೆಯುವುದು ನ್ಯಾಯಸಮ್ಮತವಾಯಿತು. ಆ ವರ್ಷದ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯದ ಬ್ರಾಡ್‌ಬರಿ ರಾಬಿನ್‌ಸನ್ ಎಸೆದ ಚೆಂಡು ಯಾರ ಕೈಗೂ ಸಿಕ್ಕದೆ ನೆಲಕ್ಕೆ ಬಿದ್ದಿತು. ಅದೇ ಪಂದ್ಯದಲ್ಲಿ ಅವನು ಮತ್ತೊಮ್ಮೆ ಎಸೆದಾಗ ಜ್ಯಾಕ್ ಷ್ನೈಡರ್ ಅದನ್ನು ಹಿಡಿದು ಗಡಿಗೆರೆಯನ್ನು ದಾಟಿದನು. ಒಬ್ಬನು ಎಷ್ಟೇ ಚೆನ್ನಾಗಿ ಎಸೆದರೂ ಮತ್ತೊಬ್ಬನು ಹಿಡಿದ ಹೊರತು ಎಸೆತ ಫಲಿಸುವುದಿಲ್ಲವೆಂಬ ಮಾತು ಅಂದೇ ತಿಳಿದುಬಂದಿತು.

ಎಸೆಯುವವನಿಗೆ ಬೇಕಾದ ಮೊದಲ ಗುಣ ತೋಳ್ಬಲ. ಅದನ್ನು ತೋಳ್ಬಲವೆಂದು ಕರೆದರೂ ಅದರ ಮೂಲ ತೋಳಿನಲ್ಲಿಲ್ಲ. ಹಿಂದಿನ ಕಾಲು ನೆಲವನ್ನು ಒತ್ತುತ್ತದೆ, ಮುಂದಿನ ಕಾಲು ಗುರಿಯತ್ತ ಹೆಜ್ಜೆಯಿಡುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆಯೇ ಎದೆ, ಹೆಗಲು, ಮೊಣಕೈ, ಮಣಿಕಟ್ಟುಗಳು ಒಂದಾದ ಮೇಲೊಂದರಂತೆ ತಿರುಗುತ್ತವೆ. ಹೀಗೆ ನೆಲದಿಂದ ಎದ್ದ ಬಲ ಕೊನೆಗೆ ಬೆರಳ ತುದಿಯನ್ನು ಮುಟ್ಟುತ್ತದೆ. ಚೆಂಡಿನ ಹೊಲಿಗೆಯ ಮೇಲಿರುವ ಬೆರಳುಗಳು ಬಿಡುವಾಗ ಅದಕ್ಕೆ ತಿರುಗುವಿಕೆಯನ್ನು ಕೊಡುತ್ತವೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ತಿರುಗುವ ಚೆಂಡು ತನ್ನ ಚೂಪು ಮೂತಿಯನ್ನು ಮುಂದೆ ಮಾಡಿಕೊಂಡು ಗಾಳಿಯನ್ನು ಸೀಳುತ್ತ ಸಾಗುತ್ತದೆ.

ಬಲದ ಪ್ರಯೋಜನವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಜೊತೆಗಾರನು 20 ಮೀಟರ್ ದೂರದಲ್ಲಿದ್ದಾನೆ ಎಂದುಕೊಳ್ಳೋಣ. ಸೆಕೆಂಡಿಗೆ 20 ಮೀಟರ್ ವೇಗದ ಎಸೆತ ಅವನನ್ನು ಮುಟ್ಟಲು ಒಂದು ಸೆಕೆಂಡು ಬೇಕು. 25 ಮೀಟರ್ ವೇಗದ ಎಸೆತಕ್ಕೆ 0.8 ಸೆಕೆಂಡು ಸಾಕು. ಉಳಿದದ್ದು ಸೆಕೆಂಡಿನ ಐದನೆಯ ಒಂದು ಭಾಗ ಮಾತ್ರ. ಆದರೆ ಸೆಕೆಂಡಿಗೆ 8 ಮೀಟರ್ ಓಡುವ ಎದುರಾಳಿ ಅಷ್ಟರಲ್ಲಿ 1.6 ಮೀಟರ್ ಹತ್ತಿರ ಬಂದುಬಿಡುತ್ತಾನೆ. ಚೆಂಡನ್ನು ಕಸಿಯಲು ಅದು ಧಾರಾಳವಾಗಿ ಸಾಕು. ಬಲಶಾಲಿಗೆ ತೆರೆದಿರುವ ಎಷ್ಟೋ ದಾರಿಗಳು ದುರ್ಬಲನಿಗೆ ಮುಚ್ಚಿರುತ್ತವೆ.

ಹಾಗಾದರೆ ಪ್ರತಿಯೊಂದು ಎಸೆತವನ್ನೂ ಇದ್ದಷ್ಟು ಬಲದಿಂದ ಎಸೆಯಬಾರದೇಕೆ? ಇಲ್ಲಿ ಎರಡನೆಯ ಗುಣದ ಅಗತ್ಯ ಕಾಣುತ್ತದೆ. ಅದನ್ನು ಹದವೆನ್ನೋಣ. ಐದು ಗಜ ದೂರದಲ್ಲಿರುವವನಿಗೆ ರಭಸದಿಂದ ಎಸೆದರೆ ಚೆಂಡು ಅವನ ಅಂಗೈಗೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ಎದುರಾಳಿ ಅದನ್ನು ಸುಲಭವಾಗಿ ಹಿಡಿಯುತ್ತಾನೆ. ಮತ್ತೊಂದು ಸಂದರ್ಭವನ್ನು ನೋಡಿ. ಜೊತೆಗಾರನ ಮುಂದೆ ಒಬ್ಬ ಎದುರಾಳಿ, ಹಿಂದೆ ಇನ್ನೊಬ್ಬ. ನೇರವಾಗಿ ಎಸೆದರೆ ಚೆಂಡು ಮೊದಲನೆಯವನ ಪಾಲು. ತೀರ ಎತ್ತರಕ್ಕೆ ಎಸೆದರೆ ಎರಡನೆಯವನಿಗೆ ಓಡಿಬರಲು ಸಮಯ ಸಿಕ್ಕುತ್ತದೆ. ಮೊದಲನೆಯವನು ಚಾಚಿದ ಕೈಗಳ ಮೇಲೆ ಬಿಲ್ಲಿನಂತೆ ಬಾಗಿ ಹೋದ ಚೆಂಡು, ಎರಡನೆಯವನು ಬರುವ ಮುನ್ನವೇ ಜೊತೆಗಾರನ ಕೈಗೆ ಮೆಲ್ಲನೆ ಇಳಿಯಬೇಕು. ಇದಲ್ಲದೆ, ಚೆಂಡು ಎರಡು ಸೆಕೆಂಡು ಗಾಳಿಯಲ್ಲಿದ್ದರೆ ಜೊತೆಗಾರನು 16 ಮೀಟರ್ ಮುಂದೆ ಹೋಗಿರುತ್ತಾನೆ. ಆದುದರಿಂದ ಎಸೆಯಬೇಕಾದುದು ಅವನಿರುವ ಸ್ಥಳಕ್ಕಲ್ಲ, ಅವನು ಬಂದು ಸೇರುವ ಸ್ಥಳಕ್ಕೆ.

ಈ ಎರಡು ಗುಣಗಳಿಗೆ ಇಬ್ಬರು ಪ್ರಸಿದ್ಧ ಆಟಗಾರರನ್ನು ಉದಾಹರಿಸಬಹುದು. ಡೆನ್ವರ್ ತಂಡದ ಜಾನ್ ಎಲ್ವೇ ಅವರ ತೋಳ್ಬಲ ಮನೆಮಾತಾಗಿತ್ತು. ಚೆಂಡಿನ ತುದಿಯಲ್ಲಿ ಹೊಲಿಗೆಗಳು ಶಿಲುಬೆಯಂತೆ ಕೂಡುತ್ತವೆ. ಅವರ ಎಸೆತವನ್ನು ಎದೆಯ ಮೇಲೆ ತಾಳಿಕೊಂಡ ಜೊತೆಗಾರರ ಮೈಮೇಲೆ ಆ ಗುರುತು ಮೂಡುತ್ತಿದ್ದಿತಂತೆ. ಜನ ಅದನ್ನು ‘ಎಲ್ವೇ ಶಿಲುಬೆ’ ಎಂದರು. 1987ರ ಜನವರಿಯಲ್ಲಿ ಕ್ಲೀವ್‌ಲೆಂಡ್ ತಂಡದ ಎದುರು ಅವರು ತಮ್ಮ ತಂಡವನ್ನು 98 ಗಜಗಳಷ್ಟು ಮುನ್ನಡೆಸಿ, ಸೋಲಿನ ಅಂಚಿನಿಂದ ಮೇಲೆತ್ತಿದರು.

ಸ್ಯಾನ್ ಫ್ರಾನ್ಸಿಸ್ಕೋ ತಂಡದ ಜೋ ಮೊಂಟಾನ ಅವರ ಕತೆ ಬೇರೆ. ತೋಳಿನಲ್ಲಿ ಸಾಕಷ್ಟು ಬಲವಿಲ್ಲವೆಂದು ಪರೀಕ್ಷಕರು ಶಂಕಿಸಿದರು. 1979ರ ಆಯ್ಕೆಯಲ್ಲಿ 81 ಮಂದಿಯ ಹೆಸರನ್ನು ಕೂಗಿದ ಮೇಲೆ ಅವರ ಸರದಿ ಬಂದಿತು. ಅವರ ಎಸೆತದ ಹದವನ್ನು ಗುರುತಿಸಿದವರು ತರಬೇತುದಾರ ಬಿಲ್ ವಾಲ್ಷ್. ಚಿಕ್ಕ ಚಿಕ್ಕ, ಖಚಿತವಾದ ಎಸೆತಗಳ ಮೇಲೆಯೇ ವಾಲ್ಷ್ ತಮ್ಮ ಆಟದ ಕ್ರಮವನ್ನು ಕಟ್ಟಿದ್ದರು. 1989ರ ಜನವರಿಯಲ್ಲಿ, ‘ಸೂಪರ್ ಬೌಲ್’ ಎಂಬ ಅಂತಿಮ ಪಂದ್ಯದಲ್ಲಿ, ಮೂರು ನಿಮಿಷಗಳಿಗೆ ತುಸು ಹೆಚ್ಚು ಕಾಲ ಉಳಿದಿದ್ದಾಗ ಮೊಂಟಾನ ತಂಡ ಮೂರು ಅಂಕ ಹಿಂದಿತ್ತು. ಗುರಿ 92 ಗಜ ದೂರವಿತ್ತು. ಅವರು ಹೆಚ್ಚಾಗಿ ಕಿರಿಯ ಎಸೆತಗಳಿಂದಲೇ ಆ ದೂರವನ್ನು ಕ್ರಮಿಸಿ, 34 ಸೆಕೆಂಡುಗಳಿರುವಾಗ ಜಾನ್ ಟೇಲರ್ ಅವರಿಗೆ ಚೆಂಡನ್ನು ಮುಟ್ಟಿಸಿ ಗೆದ್ದರು. ನಾಲ್ಕು ಅಂತಿಮ ಪಂದ್ಯಗಳಲ್ಲಿ ಅವರು 122 ಬಾರಿ ಎಸೆದರು. ಒಂದು ಬಾರಿಯೂ ಚೆಂಡು ಎದುರಾಳಿಯ ಕೈ ಸೇರಲಿಲ್ಲ.

1990ರ ಅಂತಿಮ ಪಂದ್ಯದಲ್ಲಿ ಇವರಿಬ್ಬರೂ ಎದುರಾದರು. ಮೊಂಟಾನ ತಂಡ 55–10 ಅಂಕಗಳಿಂದ ಗೆದ್ದಿತು. ಇದರಿಂದ ಬಲ ನಿರರ್ಥಕವೆಂದು ತಿಳಿಯಬಾರದು. 1998 ಮತ್ತು 1999ರಲ್ಲಿ ಎಲ್ವೇ ಸಹ ಆ ಪದವಿಯನ್ನು ಪಡೆದರು. ಆಗ ಟೆರೆಲ್ ಡೇವಿಸ್ ಎಂಬ ಸಮರ್ಥ ಓಟಗಾರನ ಬೆಂಬಲವಿದ್ದುದರಿಂದ ಎಲ್ಲವನ್ನೂ ತೋಳಿನಿಂದಲೇ ಸಾಧಿಸಬೇಕಾದ ಭಾರ ಅವರ ಮೇಲಿರಲಿಲ್ಲ.

ತೋಳ್ಬಲವನ್ನು ಅಳೆಯುವುದು ಸುಲಭ: ದೂರಕ್ಕೆ ಗಜದ ಅಳತೆ, ವೇಗಕ್ಕೆ ಯಂತ್ರ. ಹದವನ್ನು ಅಳೆಯುವ ಉಪಕರಣವಿಲ್ಲ. ಬೈಲಿನಲ್ಲಿ ಒಬ್ಬನೇ ನಿಂತು ಎಸೆಯುವಾಗ ಅದು ಕಾಣುವುದೂ ಇಲ್ಲ. ಜೊತೆಗಾರನ ಓಟ, ಅವನ ಹೆಜ್ಜೆ, ಅವನ ಕೈಯ ಅಳವು ಇವುಗಳನ್ನು ಸಾವಿರಾರು ಬಾರಿ ಒಟ್ಟಿಗೆ ಅಭ್ಯಾಸಮಾಡಿ ಅರಿತವನಿಗೆ ಮಾತ್ರ ಅದು ಒಲಿಯುತ್ತದೆ. ಎಸೆಯುವವನ ಶಕ್ತಿಗೆ ಅರ್ಥ ಬರುವುದು ಹಿಡಿಯುವವನ ಕೈಯಲ್ಲಿ. ಇದನ್ನು ಬಲ್ಲವನು ತನ್ನ ಬಲವನ್ನು ಎಷ್ಟು ಬಳಸಬೇಕೆಂಬುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ, ಎಷ್ಟನ್ನು ತಡೆದಿಡಬೇಕೆಂಬುದನ್ನೂ ಕಲಿಯುತ್ತಾನೆ.