ಕಪಿಲೆಯ ಸೇತುವೆ, ಮಂಡಕಳ್ಳಿಯ ರನ್‌ವೇ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 26 ಕಿ.ಮೀ. ಎಟಿಆರ್ ವಿಮಾನದ ವೇಗಕ್ಕೆ ಅದು ಮೂರು ನಿಮಿಷದ ದಾರಿ. ಎರಡು ಊರುಗಳಲ್ಲೂ ವಿಮಾನ ಇಳಿಯುವ ಜಾಗವಿಲ್ಲದಿದ್ದರೂ ಇಂಥ ಲೆಕ್ಕ ಯಾವ ಜೋಡಿ ಊರಿಗಾದರೂ ಸಲೀಸಾಗಿ ಸಿಗುತ್ತದೆ. ಅದರಲ್ಲಿ ಹೊಳೆ ಮಾತ್ರ ಕಾಣುವುದಿಲ್ಲ. ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ಸುತ್ತೂರನ್ನು ಹಾದು ತಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಸೀಮೆಯಲ್ಲಿ ಊರಿಂದೂರಿಗೆ ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸಿದ್ದು ಈ ಹೊಳೆಯನ್ನು ಎಲ್ಲಿ, ಹೇಗೆ ದಾಟುತ್ತೇವೆ ಎಂಬ ಸಂಗತಿಯೇ.

ಆ ತೀರ್ಮಾನಗಳಲ್ಲಿ ದೊಡ್ಡದು 1735ರದು. ಮೈಸೂರಿನಲ್ಲಿ ದಳವಾಯಿಗಳ ಕೈ ಮೇಲಾಗಿದ್ದ ಕಾಲ. ದಳವಾಯಿ ದೇವರಾಜಯ್ಯ ನಂಜನಗೂಡಿನ ಬಳಿ ಕಟ್ಟಿಸಿದ ಕಲ್ಲಿನ ಸೇತುವೆಯ ಉದ್ದ ಸುಮಾರು 225 ಮೀಟರ್. ಕಟ್ಟಿದ್ದು ಗಾಡಿಗೆ, ದಂಡಿಗೆ, ಶ್ರೀಕಂಠೇಶ್ವರನ ಭಕ್ತರಿಗೆ. ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂದದ್ದು 1891ರಲ್ಲಿ. ಮುಂದೆ ಹಳಿ ಹೊಳೆ ದಾಟಬೇಕಾದಾಗ ಈ ಹಳೆಯ ಸೇತುವೆಯೇ ಅದಕ್ಕೂ ಹೆಗಲು ಕೊಟ್ಟಿತು. ಎತ್ತಿನ ಗಾಡಿಯ ಭಾರಕ್ಕೆಂದು ಕಟ್ಟಿದ್ದು ಉಗಿಬಂಡಿಯ ಭಾರವನ್ನೂ ತಾಳಿತು. ಗೇಜ್ ಪರಿವರ್ತನೆ ನಡೆದ 2007ರ ಹೊತ್ತಿಗೆ ಹೊಸ ಸೇತುವೆ ಬರುವವರೆಗೂ ರಸ್ತೆ, ರೈಲು ಎರಡೂ ಇದರ ಮೇಲೆಯೇ ಸಾಗಿದವು. ದೇಶದ ಯಾವ ವಿಮಾನ ನಿಲ್ದಾಣಕ್ಕೂ ಇಷ್ಟು ದೀರ್ಘ ದುಡಿಮೆಯ ಚರಿತ್ರೆಯಿಲ್ಲ. ಹಾಗಿದ್ದೂ ನಮ್ಮ ಸಾರಿಗೆಯ ಮಾತುಕತೆಯಲ್ಲಿ ಇದು ಫೋಟೊ ತೆಗೆಯುವ ಸ್ಥಳವಾಗಿಯಷ್ಟೇ ಉಳಿದಿರುವುದು ನೋವಿನ ಸಂಗತಿ. ತಿ. ನರಸೀಪುರಕ್ಕಂತೂ ಹಳಿಯೇ ಬರಲಿಲ್ಲ. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ. ಸಂಗಮಕ್ಕೆ ಬರುವ ಅಷ್ಟೂ ಜನಕ್ಕೆ ರಸ್ತೆಯೊಂದೇ ಗತಿ.

ಮೈಸೂರು–ನಂಜನಗೂಡು ರಸ್ತೆಯ ಮಗ್ಗುಲಲ್ಲೇ ಇರುವ ಮಂಡಕಳ್ಳಿ ವಿಮಾನ ನಿಲ್ದಾಣ ಅರಸರ ಕಾಲದ್ದು. ನವೀಕರಣಗೊಂಡು 2010ರಲ್ಲಿ ಮತ್ತೆ ತೆರೆಯಿತು. ಬೆಂಗಳೂರಿಗೆ ವಿಮಾನ ಶುರುವಾಯಿತು, ನಿಂತಿತು, ಬೇರೆ ಕಂಪನಿ ಬಂತು, ಅದೂ ನಿಂತಿತು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಲ್ದಾಣ 2008ರಲ್ಲೇ ಊರಾಚೆಯ ದೇವನಹಳ್ಳಿಗೆ ಹೋಗಿತ್ತು. ಹಾರಾಟ ಒಂದು ಗಂಟೆಯೊಳಗಿನದೇ ಆದರೂ ಮುಂಚಿತವಾಗಿ ಹೋಗಿ ಕಾಯುವ ಹೊತ್ತು, ಇಳಿದ ಮೇಲೆ ಊರು ಸೇರುವ ಹೊತ್ತು ಕೂಡಿದರೆ ರೈಲಿನಲ್ಲಿ ಹೋದವರು ಮೆಜೆಸ್ಟಿಕ್‌ನಲ್ಲಿ ಆಗಲೇ ಇಳಿದಿರುತ್ತಾರೆ.

ಬೆಂಗಳೂರಿನ ಮಾತು ಬಿಡಿ, ದೆಹಲಿ, ಮುಂಬೈಗೆ ನೇರ ವಿಮಾನ ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಷ್ಟು ದೂರಕ್ಕೆ ವಿಮಾನವೇ ಸರಿ. ಈಗಿನ 1,740 ಮೀಟರ್ ರನ್‌ವೇ ದೊಡ್ಡ ವಿಮಾನಗಳಿಗೆ ಸಾಲದು, ಅದನ್ನು 2,750 ಮೀಟರಿಗೆ ಬೆಳೆಸಬೇಕೆಂಬುದೂ ಒಪ್ಪತಕ್ಕ ಬೇಡಿಕೆ. ತೊಡಕಿರುವುದು ಬೆಳೆಯುವ ದಿಕ್ಕಿನಲ್ಲಿ. ಅಲ್ಲಿ ನಂಜನಗೂಡಿನ ಹೆದ್ದಾರಿಯಿದೆ, ಚಾಮರಾಜನಗರದ ರೈಲು ಹಳಿಯೂ ಇದೆ. ಕೆಳಸೇತುವೆಯ ಯೋಚನೆ ನಡೆದಿದೆ, ಹೆದ್ದಾರಿಯನ್ನೇ ಬಳಸಿ ಒಯ್ಯುವ ಮಾತೂ ಬಂದಿದೆ. ಬಳಸು ದಾರಿಯಲ್ಲಿ ಹೆಚ್ಚುವುದು ಕೆಲವೇ ನಿಮಿಷ ಎನ್ನಬಹುದು. ಆದರೆ ಆ ನಿಮಿಷಗಳು ದಿನಾ ಎರಡು ಸಲ ಸೇರುವುದು ಕಡಕೊಳ, ನಂಜನಗೂಡಿನ ಕಾರ್ಖಾನೆಗಳಿಗೆ ಪಾಳಿ ಹಿಡಿದು ಹೋಗುವವರ ಬದುಕಿಗೆ, ಮೈಸೂರಿನ ಕಾಲೇಜು, ಆಸ್ಪತ್ರೆಗಳಿಗೆ ಬರುವವರ ಬದುಕಿಗೆ. ಗುಂಡ್ಲುಪೇಟೆಯ ತರಕಾರಿ ಲಾರಿಯೂ ಇದೇ ರಸ್ತೆಯದು. ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೆ ಉಳಿಯುವ ಹೊತ್ತನ್ನು ದಿನಾ ಬಸ್ಸು ಹತ್ತುವವರು ಕಳೆದುಕೊಳ್ಳುವ ಹೊತ್ತಿನ ಜೊತೆಗಿಟ್ಟು ತೂಗಲೇಬೇಕು.

ಆದ್ದರಿಂದ ಯೋಜನೆ ಬರೆಯುವವರಲ್ಲಿ ಕೇಳುವುದಿಷ್ಟೇ: ರನ್‌ವೇ ಬೆಳೆಯಲಿ, ಕೆಳಸೇತುವೆಗೆ ಎಷ್ಟೇ ಖರ್ಚಾದರೂ ಅದನ್ನು ಆ ರನ್‌ವೇಯ ಲೆಕ್ಕಕ್ಕೇ ಬರೆಯಿರಿ. ನಂಜನಗೂಡಿನ ದಾರಿ ಮಾತ್ರ ಈಗಿರುವುದಕ್ಕಿಂತ ಉದ್ದವಾಗದಿರಲಿ.